ಬಂಡೆಯ ಬಳಿ ಬಲಕ್ಕೆ

ಆಗಸ್ಟ್ 3, ಭಾನುವಾರ. ಅಂಗಡಿ ಅರ್ಧ ಬಾಗಿಲು.

ಸನ್ಮಾನ್ಯ ಬ್ಲಾಗಾಕಾಂಕ್ಷಿಗಳೇ, ತರೀಕೆರೆ ತಾಲ್ಲೂಕಿನ ಸಮಸ್ತ ಭಾವಿ ಬರಹಗಾರ ಬಂಧು-ಭಗಿನಿಯರೇ! ವೇದಿಕೆಯ ಮೇಲೆ ನಾನೊಬ್ಬನೇ... ಉಮರ್ ಫಾರೂಕ್, ಬಿ.ಎ., ಕನ್ನಡ ಮಾಧ್ಯಮ, ವಯಸ್ಸು ನಲವತ್ತೈದು, ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿ ಮಾಲೀಕ. ಮೈಕ್ ಇಲ್ಲ. ಇದು ಡೈರಿ, ಸಭಿಕರೂ ಇಲ್ಲ. ಆದ್ದರಿಂದ ಧೈರ್ಯವಾಗಿ ಉಪದೇಶಿಸುತ್ತೇನೆ.

ಬ್ಲಾಗಿಗೆ ಬಾಯಲ್ಲಿ ನಿಲ್ಲುವ ಹೆಸರಿಡಿ. ನನ್ನದು 'ತರೀಕೆರೆ ತಿರುಗಾಟ'. ವಾರಕ್ಕೊಂದು ಬರೆಯಿರಿ, ಜ್ವರ ಬಂದರೂ. ಎಲ್ಲರೂ ಬರೆದದ್ದನ್ನೇ ಬರೆಯಬೇಡಿ. ಹೆಬ್ಬೆ, ಕೆಮ್ಮಣ್ಣುಗುಂಡಿ ಅಂತ ಎರಡು ವರ್ಷ ಕುಟ್ಟಿದೆ; ಓದುಗರು ಹನ್ನೊಂದು. ಅದರಲ್ಲಿ ನಾಲ್ಕು ಸಲ ನಾನೇ.

ಕಣ್ಣಾರೆ ಕಂಡಿದ್ದನ್ನೇ ಬರೆಯಿರಿ. (ನನ್ನ ವಿಷಯ ಬೇರೆ.)

ಇವತ್ತು ಬ್ಲಾಗಿಗೆ ಹಾಕಿದ್ದು ಗುಡ್ಡದ ಕೆಳಗಿನ ಹೆಸರಿಲ್ಲದ ಅಬ್ಬಿ, ಪುಟ್ಟ ಜಲಪಾತ. ನಾನು ನೋಡಿಲ್ಲ. ದಾರಿ ಹೇಳಿದ್ದು ಮಹಬೂಬ್ ಚಾಚಾ, ಅಬ್ಬಾನ ತಮ್ಮ. ಅದಿರು ತೆಗೆಯುವ ಕಾಲದಲ್ಲಿ ಲಾರಿ ಓಡಿಸಿದವರು. ಬೇಲಿ ದಾಟಿದರೆ ಕರಿ ಬಂಡೆ, ಅಲ್ಲಿಂದ ಎಡಕ್ಕೆ. 'ಎಡಕ್ಕೆ' ಎಂದರೆ ಪ್ರಾಸ ಕೂರಲಿಲ್ಲ. ಗಿಡಕ್ಕೆ, ಕೊಡಕ್ಕೆ... ಛೇ. ಕೊನೆಗೆ ಹೊಳೆಯಿತು:

ಬಂಡೆಯ ಬಳಿ ಬಲಕ್ಕೆ,
ಬಂದೇ ಬಿಟ್ಟಿರಿ ಜಲಕ್ಕೆ!

ಆಹಾ. ಎಡವಾದರೇನು, ಬಲವಾದರೇನು. ಹೋಗುವವರು ಯಾರು?

ಆಗಸ್ಟ್ 9, ಶನಿವಾರ

ಓದುಗರು ನಾಲ್ಕು ಸಾವಿರ! ಯಾರೋ ಆ ಎರಡು ಸಾಲಿಗೆ ರಾಗ ಕಟ್ಟಿ ರೀಲ್ ಮಾಡಿದ್ದಾರೆ. ಪಕ್ಕದ ಬೇಕರಿಯ ಶಶಿಧರ ಬನ್ನು ಕಟ್ಟುತ್ತಾ ಅದನ್ನೇ ಹಾಡುತ್ತಿದ್ದ.

ಬ್ಲಾಗಾಕಾಂಕ್ಷಿಗಳೇ, ಕಾಮೆಂಟಿಗೆ ತಪ್ಪದೆ ಉತ್ತರಿಸಿ. ಅಜ್ಜಂಪುರದಿಂದ ಅಕ್ಷತಾ ಅಂತ ಟೀಚರ್ ಒಬ್ಬರು: "ಸರ್, ನೀವು ಖುದ್ದು ಹೋಗಿದ್ರಾ? ನಾವು ನಾಲ್ಕು ಜನ ಹೋಗ್ಬೇಕು ಅಂತಿದೀವಿ."

ಬರೆದೆ: "ಹೋಗಿದ್ದೇನೆ, ಮಿಂದಿದ್ದೇನೆ, ನಡುಗುತ್ತಾ ಬಂದಿದ್ದೇನೆ."

ಮೂರೂ ಪ್ರಾಸ. ಮೂರೂ ಸುಳ್ಳು. ಅವರು ಕೈ ಮುಗಿದ ಚಿತ್ರ ಕಳಿಸಿದರು.

ಆಗಸ್ಟ್ 22, ಶುಕ್ರವಾರ. ಸಂಜೆ.

ಚಾಚಾನ ಮನೆಗೆ ಹೋಗಿ ಮೊಬೈಲಿನಲ್ಲಿ ಓದಿ ತೋರಿಸಿದೆ. ಹೊಗಳಲಿ ಎಂಬ ಆಸೆ. ಚಾಚಾ ಚಹಾ ಕೆಳಗಿಟ್ಟರು. ದಖನಿಯಲ್ಲಿ ಬೈದದ್ದನ್ನು ಕನ್ನಡಕ್ಕಿಳಿಸಿದರೆ...

"ಬಲಕ್ಕಾ? ಯಾವನ್ಲೇ ಹೇಳಿದ್ದು ಬಲಕ್ಕೆ ಅಂತ?"

"ಪ್ರಾಸಕ್ಕೆ, ಚಾಚಾ."

"ನಿನ್ ಪ್ರಾಸಕ್ಕೆ ಬೆಂಕಿ ಬೀಳ! ಬಲಕ್ಕೆ ಹಳೇ ಅದಿರು ಗುಂಡಿ ಕಣೋ. ಮಳೇಲಿ ಅಂಚಿನ ಮೇಲೆಲ್ಲ ಹುಲ್ಲು ಹಬ್ಬಿರುತ್ತೆ. ನೆಲ ಅಂತ ಕಾಲಿಡ್ತಾರೆ. ನೆಲ ಇರಲ್ಲ. ನಮ್ ಲಾರಿ ಕ್ಲೀನರ್ ಒಬ್ಬ ಅಲ್ಲೇ..." ಮೊಬೈಲನ್ನು ನನ್ನ ಕಡೆಗೇ ತಳ್ಳಿದರು. "ತಿದ್ದು. ಈಗ್ಲೇ."

ತಿದ್ದಿದೆ. 'ಬಲ' ಅಳಿಸಿ 'ಎಡ'. ಯಾರಿಗೂ ಹೇಳಲಿಲ್ಲ. ತಪ್ಪಾದರೆ ಬರಹದ ತಲೆಯ ಮೇಲೇ, ತಾರೀಖು ಹಾಕಿ, 'ತಪ್ಪು ಬರೆದಿದ್ದೆ' ಎನ್ನಬೇಕು. ಇದು ಬ್ಲಾಗಿನ ನಿಯಮ, ಬಲ್ಲೆ. ಆದರೆ ಮಿಂದು ಬಂದವನಿಗೆ ಎಡ-ಬಲ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ?

ಆಗಸ್ಟ್ 26

ತಿದ್ದಿದ್ದನ್ನು ಯಾರೂ ಗಮನಿಸಿಲ್ಲ. ರೀಲ್‌ನಲ್ಲಿ ಹಳೆಯದೇ ಓಡುತ್ತಿದೆ. ಶಶಿಧರನಿಗೆ ಹೇಳಿದೆ: "ಎಡಕ್ಕೆ ಕಣೋ ಅದು."

"ಅದ್ ಬಾಯಿಗ್ ಬರಲ್ಲ ಬಿಡಿ ಸಾಬ್ರೇ." ಮತ್ತೆ ಹಾಡಿದ. ಬಲಕ್ಕೆ.

ಆಗಸ್ಟ್ 30, ಶನಿವಾರ. ಸಂಜೆ ಆರೂವರೆ.

ಟೋನರ್ ತರಲು ಕಡೂರಿಗೆ ಹೋಗಿದ್ದೆ. ಅಂಗಡಿಯಲ್ಲಿ ಹೆಂಡತಿ ಮದೀಹಾ. ನಾನು ಬರುತ್ತಲೇ ಸಂಭ್ರಮ.

"ಅಜ್ಜಂಪುರದ ಟೀಚರ್‌ಗಳು ಬಂದಿದ್ರು, ನಾಲ್ಕು ಜನ. ಮೊಬೈಲಲ್ಲಿ ಆವತ್ತೇ ಫೋಟೋ ಹಿಡ್ದಿಟ್ಕೊಂಡಿದ್ರಂತೆ, ನಿಮ್ ಬರಹದ್ದೇ. ಪ್ರಿಂಟ್ ಹಾಕ್ಕೊಟ್ಟೆ. ನಾಳೆ ಬೆಳಗ್ಗೆ ಹೊರಡ್ತಾರಂತೆ. ಬರೆದೋರು ನಮ್ಮನೆಯವ್ರೇ ಅಂದೆ ಕಣ್ರೀ!"

"ಎಡಕ್ಕೆ ಅಂತಿತ್ತಾ, ಬಲಕ್ಕೆ ಅಂತಿತ್ತಾ?"

"ನಾನೇನ್ ಓದ್ತಾ ಕೂತಿದ್ನಾ? ಹಾಡ್ಕೊಂಡ್ ಹೋದ್ರಲ್ಲ, ಬಲಕ್ಕೆ, ಜಲಕ್ಕೆ ಅಂತ. ಯಾಕ್ರೀ, ಮುಖ ಹಿಂಗಾಯ್ತು?"

ಏನಿಲ್ಲ ಅಂದೆ.

ನಂಬರ್ ಇಲ್ಲ. ಬ್ಲಾಗಿನಲ್ಲೇ ಅಕ್ಷತಾ ಅವರಿಗೆ ಬರೆದೆ: 'ದಯವಿಟ್ಟು ಗಮನಿಸಿ, ಎಡಕ್ಕೆ.' ಅಷ್ಟೇ. ಗುಂಡಿಯ ವಿಷಯ ಎರಡು ಸಲ ಬರೆದೆ, ಎರಡು ಸಲವೂ ಅಳಿಸಿದೆ. ಅವರು ನೋಡಿದ ಗುರುತಿಲ್ಲ.

ಆಗಸ್ಟ್ 31, ಭಾನುವಾರ. ಬೆಳಗ್ಗೆ 9.

ಮಂಜು. ಗುಡ್ಡವೇ ಕಾಣುತ್ತಿಲ್ಲ. ಸಣ್ಣ ಮಳೆ. ಉತ್ತರ ಬಂದಿಲ್ಲ. ಹನ್ನೆರಡು ಸಲ ನೋಡಿದೆ. ನಾಲ್ಕು ಜನ ಓದಿದ ಹೆಣ್ಣುಮಕ್ಕಳು, ನೋಡಿಕೊಂಡು ಕಾಲಿಡುತ್ತಾರೆ... ಇಡುತ್ತಾರೆ.

ಮಧ್ಯಾಹ್ನ 3.40

ಅಂಗಡಿ ಮುಂದೆ ಫಾರೆಸ್ಟ್ ಜೀಪು. ಗಾರ್ಡ್ ತೀರ್ಥಪ್ಪ. ಹಿಂದಿನ ಸೀಟಿನಲ್ಲಿ ಹಗ್ಗದ ಸುರುಳಿ. ಇಬ್ಬರು ಟೀಚರ್‌ಗಳು ರಸ್ತೆಗೆ ಬಂದು ಸೇರಿದ್ದಾರಂತೆ. ಮೈಯೆಲ್ಲ ಕೆಸರು, ಮಾತು ಹೊರಡುತ್ತಿಲ್ಲ. ಅಕ್ಷತಾ ಇಲ್ಲ, ಇನ್ನೊಬ್ಬಳೂ ಇಲ್ಲ. ತೀರ್ಥಪ್ಪನ ಕೈಯಲ್ಲಿ ನಮ್ಮ ಅಂಗಡಿಯ ಪ್ರಿಂಟು, ಒದ್ದೆ.

"ಸಾಬ್ರೇ, ನಾನ್ ಈ ಕಡೆಗೆ ಬಂದು ಎರಡ್ ತಿಂಗ್ಳು. ಮಂಜಲ್ಲಿ ಏನೂ ಗೊತ್ತಾಗ್ತಿಲ್ಲ. ನೀವು ಹೋಗ್ ಬಂದಿರೋರು. ಮುಂದ್ಗಡೆ ಕೂತ್ಕಳಿ, ದಾರಿ ತೋರ್ಸಿ. ಬೇಗ ಬರ್ರೀ!"

ಮದೀಹಾ ಛತ್ರಿ ತಂದುಕೊಟ್ಟಳು. "ಇವ್ರಿಗೆ ಎಲ್ಲಾ ಗೊತ್ತು, ಕರ್ಕೊಂಡ್ ಹೋಗಿ" ಅಂದಳು. ಬೂಟು ಹಾಕಿಕೊಂಡು ಬರುತ್ತೇನೆಂದು ಒಳಗೆ ಬಂದೆ. ಬೂಟು ಹಾಕುತ್ತಿಲ್ಲ. ಬರೆಯುತ್ತಿದ್ದೇನೆ. ಹಾರ್ನ್ ಹೊಡೆಯುತ್ತಿದ್ದಾರೆ. ಹೊರಗೆ ಹೇಳಬೇಕಾದದ್ದು ಮೊದಲು ಕೈಯಿಂದಾದರೂ ಹೊರಬೀಳಲಿ—

ತೀರ್ಥಪ್ಪನವರೇ, ನಾನು ಅಲ್ಲಿಗೆ ಹೋಗಿಯೇ ಇಲ್ಲ. ದಾರಿ ಗೊತ್ತಿರುವುದು ನಮ್ಮ ಚಾಚಾಗೆ. ಜೀಪು ಅವರ ಮನೆಗೆ ತಿರುಗಿಸಿ. ಬಲಕ್ಕೆ ಗುಂಡಿ ಇದೆ. ಒಂಬತ್ತು ದಿನದಿಂದ ನನಗೆ