ನೀಲಿ ಡಬ್ಬಿಯಲ್ಲಿ ಪೆಟ್ರೋಲು

ಆರ್ಲನ್, ಬಲಗೈಯ ಕಟ್ಟು ಇನ್ನೂ ಬಿಚ್ಚಿಲ್ಲ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಕಷ್ಟಪಡು.

ಮಾಂಸದ ಸಾರು ಒಲೆಯ ಮೇಲಿದೆ. ಬಿಸಿ ಮಾಡಿಕೊಳ್ಳುವುದನ್ನು ಈ ವಯಸ್ಸಿನಲ್ಲಾದರೂ ಕಲಿ.

ಗ್ಯಾರೇಜಿನ ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಕೆಂಪಿನಲ್ಲಿ ಪೆಟ್ರೋಲು, ಹಳದಿಯಲ್ಲಿ ಡೀಸೆಲ್, ನೀಲಿಯಲ್ಲಿ ಸೀಮೆಎಣ್ಣೆ. ಮೊಂಟಾನಾದಲ್ಲಿ ಇದು ಗೊತ್ತಿಲ್ಲದ ರೈತ ನೀನೊಬ್ಬನೇ. ಕೆಂಪು ಡಬ್ಬಿ ಸೋರುತ್ತದೆಂದು ನೀನು ನೀಲಿಯಲ್ಲಿ ಪೆಟ್ರೋಲು ತುಂಬಿಟ್ಟು ನನಗೆ ಹೇಳದೆ ಸುಮ್ಮನಿದ್ದೆ. ನೆಗಡಿಯಿಂದ ಮೂಗು ಕಟ್ಟಿದ್ದ ನಾನು ಅದನ್ನೇ ಕರುಗಳ ಕೊಟ್ಟಿಗೆಯ ಸೀಮೆಎಣ್ಣೆ ಹೀಟರಿಗೆ ಸುರಿದೆ. ಹಚ್ಚಿದ ಕೂಡಲೇ ಕೊಟ್ಟಿಗೆಗೆ ಬೆಂಕಿ ಹತ್ತಿತು.

ಡೀಸೆಲ್ ಟ್ಯಾಂಕನ್ನು ಹುಲ್ಲಿನ ಬಣವೆಯಿಂದ ದೂರಕ್ಕೆ ಎಳೆದಿಡು. ಇಲ್ಲದಿದ್ದರೆ ವಿಮೆ ಮುಂದುವರಿಸುವುದಿಲ್ಲವಂತೆ.

ವಿಮೆಯ ಹಾಲ್ವರ್ಸನ್ ಹನ್ನೊಂದು ಗಂಟೆಗೆ ಬರುತ್ತಾನೆ. "ಡಬ್ಬಿ ತುಂಬಿದ್ದು ಅವಳೇ. ಪೇಟೆಯೋಳು, ಅವಳಿಗೇನ್ ಗೊತ್ತಾಗುತ್ತೆ" ಅಂತ ನೀನು ಅವನಿಗೆ ಹೇಳಿದ್ದೆಯಲ್ಲ, ತುಂಬಿದ್ದು ಯಾರೆಂದು ನಾನು ಫೋನು ಮಾಡಿ ತಿಳಿಸಿದ್ದೇನೆ. ಅವನು ಮೊದಲು ಕೇಳಿದ್ದು, "ಕೈ ಈಗ ಹೇಗಿದೆಯಮ್ಮಾ?" ನೀನು ಅವತ್ತು ಆಸ್ಪತ್ರೆಯಲ್ಲಿ ಕೇಳಿದ್ದು, "ಎಷ್ಟು ಕರು ಉಳಿದ್ವು?"

ಇಂಟರ್ನೆಟ್ ಡಿಶ್ ಕೂರಿಸುವವನು ಗುರುವಾರ ಬರುತ್ತಾನೆ, ವಾಪಸ್ ಕಳಿಸು. ಮನೆಯಿಂದಲೇ ಪಾಠ ಹೇಳುತ್ತೇನೆ, ಹಾಕಿಸು ಎಂದು ಮೂರು ವರ್ಷ ಬೇಡಿಕೊಂಡೆ. "ದನಗಳಿಗ್ಯಾಕೆ ಇಂಟರ್ನೆಟ್ಟು?" ಎಂದು ನೀನು ನಿನ್ನ ಅಣ್ಣಂದಿರ ಮುಂದೆ ನಕ್ಕೆ. ನಿನ್ನೆ ನೀನೇ ಟೋಪಿ ಕೈಯಲ್ಲಿ ಹಿಡಿದುಕೊಂಡು, "ಡಿಶ್ ಹಾಕಿಸ್ತೀನಿ ಮಾರ್ಲಿಸ್, ಇಲ್ಲೇ ಇದ್ಬಿಡು" ಎಂದೆ.

ಬೇಡ. ನಾನು ಇರುವುದಿಲ್ಲ.