ಡಿಸೋಟೊ ತಣ್ಣಗಾಗುವವರೆಗೆ

ಡೆಕೋರಾ, ಅಯೋವಾ
೧೯ ಅಕ್ಟೋಬರ್ ೨೦೦೯

ಪ್ರೀತಿಯ ಡ್ವೇನ್,

ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ ಎಂದು ಮೊದಲು ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಬೇರೆ ಹಾಳೆ ತೆಗೆದುಕೊಂಡೆ. ಜೈಲಿನಲ್ಲಿ ಕ್ಷೇಮ ಎಂದರೆ ಏನೆಂದು ನನಗೆ ಗೊತ್ತಿಲ್ಲ. ಮೊಣಕಾಲು ನೋವು ಹೇಗಿದೆ, ಅಡುಗೆಮನೆಯ ಕೆಲಸ ಕೊಟ್ಟರೇ, ಅಷ್ಟಾದರೂ ತಿಳಿಸು.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕುಳಿತೆ, ಕ್ಷಮಿಸು. ಶಾಲೆಯ ಕಚೇರಿಯಲ್ಲಿ ಕೆಲಸ ಜಾಸ್ತಿ, ಅಪ್ಪನ ಮನೆ ಖಾಲಿ ಮಾಡುವ ಗಲಾಟೆ ಬೇರೆ. ಇವೆಲ್ಲ ನಿಜವೇ. ಆದರೆ ಎರಡು ಕಾಗದದಲ್ಲೂ ನೀನು ಕೇಳಿದ್ದು ಒಂದೇ ಮಾತು, ಅದಕ್ಕೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ.

ಈಗ ಹೇಳಿಬಿಡುತ್ತೇನೆ. ತಾತನ ಡಿಸೋಟೊ ಕಾರು ಮಾರಿದೆ. ಶನಿವಾರ ಹೋಯಿತು.

ಇಲ್ಲಿಗೇ ಕಾಗದ ಮಡಿಸಿ ಇಡಬೇಡ ಕಣೋ. ಮುಂದೆ ಹೇಳುವುದು ಇನ್ನೂ ಕಷ್ಟದ್ದು.

‘ಅದೊಂದನ್ನ ಮಾತ್ರ ಇಟ್ಟಿರು ಅಕ್ಕಾ. ಹೊರಗೆ ಬಂದಾಗ ನನ್ನದು ಅಂತ ಅದೊಂದಾದ್ರೂ ಇರ್ಲಿ’ ಎಂದು ನೀನು ಬರೆದಿದ್ದೆ. ಅಪ್ಪ ಆಡುತ್ತಿದ್ದದ್ದೂ ಇದೇ ಮಾತು. ನಿನ್ನನ್ನು ಕರೆದುಕೊಂಡು ಹೋದಮೇಲೆ ಅವರು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಹಿಮ ಕೆರೆದು ದಾರಿ ಮಾಡಿಕೊಂಡು, ತಾತ ಹೊಸದಾಗಿ ತಂದಾಗ ಇದ್ದ ಅದೇ ಹಸಿರು ಬಣ್ಣದ, ಅದೇ ಸೀಟು ಬಟ್ಟೆಯ ಆ ಗಾಡಿಯನ್ನು ನದಿಯವರೆಗೆ ಓಡಿಸಿ ತರುತ್ತಿದ್ದರು. ಮೇಲ್ಭಾಗದಲ್ಲಿ ಬಣ್ಣ ಸವೆದು ಒಳಗಿನ ಕೆಂಪು ಕಾಣುತ್ತಿತ್ತಲ್ಲ, ಅಲ್ಲಿಗೆ ಯಾರಾದರೂ ಪಾಲಿಷ್ ಹಿಡಿದು ಬಂದರೆ ಕೈ ಮೇಲೆ ಹೊಡೆಯುತ್ತಿದ್ದರು. ‘ಹೇಗಿದೆಯೋ ಹಾಗೇ ಅವನಿಗೆ ಕೊಡ್ತೀನಿ’ ಎನ್ನುತ್ತಿದ್ದರು. ಹೇಗಿದೆಯೋ ಹಾಗೆ! ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ನಿನ್ನನ್ನು ಒಳಗೆ ಹಾಕಿಸಿದ್ದು ಕುಡಿತ ಮತ್ತು ಒಂದು ಕಾರು. ನಿನಗಾಗಿ ಅಪ್ಪ ಕಾದಿಟ್ಟದ್ದೂ ಒಂದು ಕಾರೇ. ಇದು ಅವರಿಗೆ ಹೊಳೆದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮಾರ್ಚಿನಲ್ಲಿ ಅವರನ್ನು ಮಣ್ಣು ಮಾಡಿದ ಮೇಲೆ ಕೇಳುವುದಕ್ಕೂ ಯಾರೂ ಇಲ್ಲ.

ಮುಂದಿನ ತಿಂಗಳು ಅಪ್ಪನ ಮನೆ ಬೇರೆಯವರದಾಗುತ್ತದೆ. ನನ್ನ ಬಾಡಿಗೆ ಮನೆಗೆ ಗ್ಯಾರೇಜಿಲ್ಲ. ಇದು ಕಾರಣ. ಪೂರ್ತಿ ಕಾರಣ ಇದೇನಾ ಎಂದು ನನ್ನನ್ನೇ ಕೇಳಿಕೊಂಡೆ. ಪಕ್ಕದ ಆರ್ಲೆನ್ ತನ್ನ ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಳ್ಳುತ್ತೇನೆ ಎಂದಿದ್ದ. ನಾನೇ ಬೇಡವೆಂದೆ. ಏಕೆಂದು ಅವನು ಕೇಳಲಿಲ್ಲ. ಒಳ್ಳೆಯವನು, ಕೇಳುವುದಿಲ್ಲ.

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ: ‘೧೯೫೧ರ ಡಿಸೋಟೊ, ನಾಲ್ಕು ಬಾಗಿಲು, ಏನೂ ಬದಲಾಯಿಸಿಲ್ಲ, ಓಡುತ್ತದೆ.’ ಲಾ ಕ್ರಾಸ್‌ನ ಆಚೆ, ವಿಸ್ಕಾನ್ಸಿನ್ನಿನ ಒಂದು ಹಳ್ಳಿಯಿಂದ ಹಾರ್ಲನ್ ಎಂಬ ಮುದುಕರು ಫೋನ್ ಮಾಡಿದರು. ಹಳೆಯ ಗಾಡಿಗಳನ್ನು ಇದ್ದ ಹಾಗೆಯೇ ಇಟ್ಟುಕೊಳ್ಳುವ ಹುಚ್ಚು ಅವರಿಗೆ. ಹೆಂಡತಿ ಲವಾನ್ ಜೊತೆ ಟ್ರೇಲರ್ ಕಟ್ಟಿಕೊಂಡು ಶನಿವಾರ ಬೆಳಿಗ್ಗೆ ಬರುತ್ತೇವೆಂದರು.

ನಾನೊಂದು ದಡ್ಡತನ ಮಾಡಿದೆ. ಅಪ್ಪ ಹೋದಮೇಲೆ ಗಾಡಿ ಮುಟ್ಟಿದ್ದೇ ಕಡಿಮೆ. ಕೊಳ್ಳಲು ಬಂದವರ ಮುಂದೆ ಹಟ ಹಿಡಿದು ನಿಂತುಬಿಟ್ಟರೆ ಎಂಬ ಹೆದರಿಕೆಯಿಂದ ಬೆಳಿಗ್ಗೆಯೇ ಹೋಗಿ ಸ್ಟಾರ್ಟ್ ಮಾಡಿದೆ. ಚೆನ್ನಾಗಿ ಬಿಸಿಯಾಗಲೆಂದು ಚರ್ಚಿನವರೆಗೆ ಓಡಿಸಿ ತಂದು, ಒರೆಸಿ, ಅಂಗಳದಲ್ಲಿ ನಿಲ್ಲಿಸಿದೆ. ಅತಿಥಿ ಬರುವ ಮೊದಲು ಒಲೆ ಹಚ್ಚುವುದಿಲ್ಲವೇ, ಹಾಗೆ ಅಂದುಕೊಂಡೆ.

ಹಾರ್ಲನ್ ಇಳಿದರು. ನನ್ನ ಕೈ ಕುಲುಕಲಿಲ್ಲ. ನೇರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಮಗುವಿನ ಜ್ವರ ನೋಡುವ ಹಾಗೆ.

‘ಇದು ಆಗಲೇ ಎದ್ದು ಕೂತಿದೆಯಲ್ಲಮ್ಮ.’

‘ನಿಮ್ಮನ್ನ ಕಾಯಿಸಬಾರದು ಅಂತ...’

‘ಬಿಸಿಯಾಗಿದ್ರೆ ಎಂಥ ಲಡಕಾಸಿ ಗಾಡಿನೂ ಏಳುತ್ತೆ. ತಣ್ಣಗೆ ಮಲಗಿರೋದು ಹೇಗೆ ಏಳುತ್ತೆ ಅಂತ ನೋಡ್ಬೇಕು ನಾನು. ಸರಿ ಬಿಡಿ, ತಣ್ಣಗಾಗೋವರೆಗೆ ಕಾಯ್ತೀನಿ.’

‘ಅಷ್ಟು ಹೊತ್ತು ಈ ಹೆಣ್ಣುಮಗಳ ಮನೇಲಿ ಕೂತ್ಕೊಂಡು ಏನ್ ಮಾಡ್ತೀರಿ?’ ಎಂದರು ಲವಾನ್. ಆಮೇಲೆ ನನ್ನ ಕಡೆ ತಿರುಗಿ, ‘ತಪ್ಪು ತಿಳ್ಕೋಬೇಡಮ್ಮ. ನನ್ನನ್ನ ನೋಡೋಕೆ ಬಂದಾಗಲೂ ಇವರು ಹಣೆ ಮುಟ್ಟಿ ನೋಡಿದ್ರು ಅಂತ ಕಾಣುತ್ತೆ’ ಎಂದರು.

‘ಮುಟ್ಟಿದ್ದೆ. ಆಗ ಸುಮಾರಾಗಿ ಓಡ್ತಿದ್ದೆ ನೀನು.’

ನನಗೆ ನಗು ಬಂತು. ಅಪ್ಪನ ಅಡುಗೆಮನೆಯಲ್ಲಿ ಎಷ್ಟು ತಿಂಗಳಿಂದ ಯಾರೂ ನಕ್ಕಿರಲಿಲ್ಲವೋ. ಕಾಫಿ ಮಾಡಿದೆ, ಕುಂಬಳಕಾಯಿ ಬ್ರೆಡ್ ಕತ್ತರಿಸಿಟ್ಟೆ. ಪೆಟ್ಟಿಗೆಗಳ ನಡುವೆ ಉಳಿದಿದ್ದ ಮೂರು ಕುರ್ಚಿಗಳಲ್ಲಿ ಕೂತೆವು. ಲವಾನ್ ತಮ್ಮ ಚರ್ಚಿನ ವಿಷಯ, ಮೊಮ್ಮಕ್ಕಳ ವಿಷಯ ಹೇಳುತ್ತಲೇ ಇದ್ದರು. ಹಾರ್ಲನ್ ಆಗಾಗ ಎದ್ದು ಹೋಗಿ ಅಂಗೈ ಇಟ್ಟು ಬರುತ್ತಿದ್ದರು. ‘ಇನ್ನೂ ಜ್ವರ ಇದೆ’ ಎನ್ನುತ್ತಿದ್ದರು.

ಹಾಗೆ ಕಾಯುತ್ತಿದ್ದಾಗಲೇ ಆದದ್ದು. ನಾನು ಬಿಸಿ ಮಾಡದಿದ್ದರೆ ಅವರು ಬಂದಷ್ಟೇ ಬೇಗ ಗಾಡಿ ಏರಿಸಿಕೊಂಡು ಹೋಗಿರುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ.

ಹಾರ್ಲನ್ ಕೇಳಿದರು: ‘ಗಾಡಿ ನಿಮ್ಮ ಹೆಸರಿಗೆ ಬಂದಿದೆ, ಸರಿ. ಮನೇಲಿ ಇದರ ಮೇಲೆ ಆಸೆ ಇಟ್ಕೊಂಡೋರು ಬೇರೆ ಯಾರಾದ್ರೂ ಇದ್ದಾರಾ? ಹಿಂದೊಂದ್ಸಲ ನಾನೊಂದು ತಗೊಂಡು ಹೋದ ಮೇಲೆ ಮಾರಿದವನ ಅಣ್ಣ ಬಂದು ನನ್ನ ಅಂಗಳದಲ್ಲಿ ನಿಂತು ಅತ್ತುಬಿಟ್ಟ. ವಾಪಸ್ ಕೊಟ್ಟೆ. ಆ ಸಂಕಟ ನನಗೆ ಬೇಡ.’

ನಿನ್ನ ಹೆಸರು ಹೇಳಬೇಕಾದದ್ದು ಆಗ. ‘ತಮ್ಮನಿದ್ದಾನೆ, ಅವನಿಗೆ ಬೇಕು’ ಎಂದಿದ್ದರೆ ಆ ಮನುಷ್ಯ ಟೋಪಿ ಹಾಕಿಕೊಂಡು ಎದ್ದುಬಿಡುತ್ತಿದ್ದರು, ಖಂಡಿತ. ಗಾಡಿ ಆರ್ಲೆನ್‌ನ ಕೊಟ್ಟಿಗೆ ಸೇರುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

‘ತಮ್ಮ ಒಬ್ಬ ಇದ್ದ’ ಎಂದೆ.

‘ಇದ್ದನಾ?’ ಎಂದರು ಲವಾನ್, ಮೆಲ್ಲಗೆ.

‘ಹೋಗಿಬಿಟ್ಟ. ಕಾರು ಅಪಘಾತದಲ್ಲಿ.’

ಯೋಚಿಸಿ ಹೇಳಿದೆನೋ, ತಾನಾಗಿ ಬಂತೋ, ಎರಡು ದಿನದಿಂದ ತೂಗಿ ನೋಡುತ್ತಿದ್ದೇನೆ. ತಾನಾಗಿ ಬಂತು ಎಂದು ಬರೆದರೆ ನನಗೆ ಹಗುರವಾಗುತ್ತದೆ, ಅದಕ್ಕೇ ಆ ಉತ್ತರವನ್ನು ನಂಬಲಾರೆ. ಹೇಳಿದ ಮೇಲೆ ತಿದ್ದುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಇಂಜಿನ್ ಇನ್ನೂ ತಣ್ಣಗಾಗಿರಲಿಲ್ಲ. ನಾನು ತಿದ್ದಲಿಲ್ಲ.

ಲವಾನ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನನ್ನ ಎರಡೂ ಕೈ ಹಿಡಿದುಕೊಂಡರು. ‘ಅಯ್ಯೋ ಮಗಳೇ’ ಎಂದರು, ಅಷ್ಟೇ. ಒರಟಾದ, ಸೋಪಿನ ವಾಸನೆಯ ಕೈ. ನಾನು ಅತ್ತೆ, ಡ್ವೇನ್. ಸುಮ್ಮನೆ ಕಣ್ಣೊರೆಸಿಕೊಳ್ಳುವ ಅಳುವಲ್ಲ. ಮೇಜಿನ ಮೇಲೆ ತಲೆಯಿಟ್ಟು, ಮೂಗು ಸೋರಿಸಿಕೊಂಡು, ಮಗು ಅತ್ತ ಹಾಗೆ ಅತ್ತೆ. ಹಾರ್ಲನ್ ಕಾಫಿ ಬಿಟ್ಟು ಹೊರಗೆ ಹೋಗಿ ಗಾಡಿಯ ಹತ್ತಿರ ನಿಂತುಕೊಂಡರು. ಅವರ ಹೆಂಡತಿ ನನ್ನ ತಲೆ ಸವರುತ್ತ, ಸತ್ತನೆಂದು ನಾನು ಸುಳ್ಳು ಹೇಳಿದ ತಮ್ಮನಿಗಾಗಿ ಪ್ರಾರ್ಥನೆ ಮಾಡಿದರು. ನಾನು ‘ಆಮೆನ್’ ಎಂದೆ.

ಮಧ್ಯಾಹ್ನಕ್ಕೆ ಬಾನೆಟ್ ತಣ್ಣಗಾಯಿತು. ಹಾರ್ಲನ್ ನನ್ನನ್ನೇ ಕೂರಿಸಿದರು, ‘ನಿಮ್ಮ ಕೈಗೆ ಒಗ್ಗಿರೋ ಗಾಡಿ, ನೀವೇ ಎಬ್ಬಿಸಿ’ ಎಂದು. ಏಳದಿರಲಿ ಎಂದು ಬಯಸಿದೆ. ಎದ್ದುಬಿಟ್ಟಿತು. ಎರಡು ಸಲ ನರಳಿ, ಒಂದು ಸಲ ಕೆಮ್ಮಿ, ಆಮೇಲೆ ಅಪ್ಪನ ಹಾಗೆ ಗೊಣಗುತ್ತ ನಿಂತಿತು.

‘ನೋಡಿದ್ಯಾ? ಪ್ರಾಮಾಣಿಕ ಗಾಡಿ’ ಎಂದರು ಹಾರ್ಲನ್ ಹೆಂಡತಿಗೆ.

ಬಣ್ಣ ಹೊಡೆಸುತ್ತೀರಾ ಎಂದು ಕೇಳಿದೆ. ‘ನನಗೇನು ಹುಚ್ಚಾ? ಹೊಸದಾಗಿ ಎಷ್ಟು ಸಲ ಬೇಕಾದ್ರೂ ಮಾಡ್ಬಹುದಮ್ಮ, ಇದರ ಹಾಗೆ ಹಳೇದಾಗೋದು ಒಂದೇ ಸಲ’ ಎಂದರು. ಇದನ್ನು ನಿನಗೆ ಸಮಾಧಾನವಾಗಲೆಂದು ಬರೆಯುತ್ತಿದ್ದೇನೆ. ಆಗುವುದಿಲ್ಲವೆಂದೂ ಗೊತ್ತು. ಟ್ರೇಲರ್ ತಿರುವಿನಲ್ಲಿ ಮರೆಯಾಗುವವರೆಗೂ ಲವಾನ್ ಕೈ ಬೀಸುತ್ತಿದ್ದರು.

ಬಂದ ಹಣ ನಿನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಈ ಕಾಗದವನ್ನು ನಿನಗಿಂತ ಮೊದಲು ಬೇರೆಯವರು ತೆರೆದು ಓದುತ್ತಾರಲ್ಲ. ನಿನಗೆ ಸಿಟ್ಟು ಬಂದರೆ ಬರಲಿ. ಕೊಂಡವರ ವಿಳಾಸ ನನ್ನ ಹತ್ತಿರವಿದೆ. ಗಾಡಿ ಬೇಕೇ ಬೇಕೆಂದರೆ ಹೇಳು, ಹಾರ್ಲನ್‌ಗೆ ನಿಜ ಬರೆದು ತಿಳಿಸುತ್ತೇನೆ, ನೀನು ಬದುಕಿದ್ದೀಯ ಎಂದು. ಅವರು ವಾಪಸು ಕೊಡುವಂಥ ಮನುಷ್ಯ.

ಮೊಣಕಾಲಿಗೆ ಬೆಚ್ಚಗೆ ಸುತ್ತಿಕೋ. ಅಲ್ಲಿಯ ಚಳಿಗಾಲ ನಿನ್ನ ಮೇಲೆ ಕರುಣೆ ತೋರಲಿ, ಹೊಟ್ಟೆಗೆ ಬಿಸಿಯಾದದ್ದು ಸಿಗಲಿ, ಅಪ್ಪ ನೋಡುತ್ತಿದ್ದರೆ ನಮ್ಮಿಬ್ಬರನ್ನೂ ಒಂದೇ ಕಣ್ಣಿನಿಂದ ನೋಡಲಿ.

ನಿನ್ನ ಅಕ್ಕ,
ಡಾರ್ಲಾ

ಮ. ವಿ.: ಒಂದು ವಿಷಯ ಬಿಟ್ಟೆ. ಹೊರಡುವ ಮೊದಲು ಲವಾನ್ ತಮ್ಮ ಕಾರಿನ ಕಿಟಕಿ ಇಳಿಸಿ, ‘ನವೆಂಬರ್ ಮೊದಲನೇ ಭಾನುವಾರ ನಮ್ಮ ಚರ್ಚಲ್ಲಿ ತೀರಿಕೊಂಡೋರ ಹೆಸರೆಲ್ಲ ಓದ್ತಾರೆ. ಒಂದೊಂದು ಹೆಸರಿಗೂ ಒಂದ್ಸಲ ಗಂಟೆ ಹೊಡೀತಾರೆ. ಹೆಸರು ಹೇಳು ಮಗಳೇ, ಓದಿಸ್ತೀನಿ’ ಎಂದರು.

ನಾನು ‘ಕೆಂಡ್ರಾ’ ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತಮ್ಮನಿಗೆ ಇದೆಂಥ ಹುಡುಗಿಯ ಹೆಸರು ಎಂದು ಕೇಳಲಿಲ್ಲ. ‘ಎಷ್ಟು ವಯಸ್ಸು?’ ಎಂದರು. ‘ಹದಿನಾರು’ ಎಂದೆ. ‘ನಿನ್ನ ಮಗಳಾ?’ ಎಂದರು. ಹೌದೆಂದು ತಲೆಯಾಡಿಸಿದೆ.

ನಿನ್ನ ಪಕ್ಕದ ಸೀಟಿನಲ್ಲಿ ಕೂತು ಮನೆಗೆ ಬರುತ್ತಿದ್ದವಳನ್ನು ಶವಪೆಟ್ಟಿಗೆಯಲ್ಲಿ ಚರ್ಚಿಗೆ ತಂದ ದಿನ ನಮ್ಮ ಪಾದ್ರಿ ‘ಇಬ್ಬರನ್ನು ಕಳೆದುಕೊಂಡ ಕುಟುಂಬ’ ಎಂದರು. ಅಪ್ಪ ನಿನಗಾಗಿ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಬೆನ್ನು ಸವರುತ್ತ ಕೂತಿದ್ದೆ. ಬಂದವರಿಗೆಲ್ಲ ಯಾರ ಕೈ ಹಿಡಿಯಬೇಕೆಂದು ತಿಳಿಯಲಿಲ್ಲ, ಅಪ್ಪನ ಕೈ ಹಿಡಿದು ಹೋದರು. ನನ್ನ ಕೈ ಹಿಡಿದು ಯಾರಾದರೂ ‘ಅಯ್ಯೋ ಮಗಳೇ’ ಎಂದದ್ದು ಈ ಶನಿವಾರ.

ನಿನ್ನ ಒಂದು ಕಾಗದದಲ್ಲೂ ಅವಳ ಹೆಸರಿಲ್ಲ. ಡಿಸೋಟೊ ಎಂದು ಎಷ್ಟು ಸಲ ಬರೆದಿದ್ದೀಯ. ಈ ಸಲ ಉತ್ತರ ಬರೆಯುವಾಗ ಬೇರೇನೂ ಬೇಡ, ಕ್ಷಮೆಯೂ ಬೇಡ. ಕೆಂಡ್ರಾ ಎಂದು ಬರೆ. ನಿನ್ನ ಕೈಬರಹದಲ್ಲಿ ನೋಡಬೇಕು.