ಒಂಬತ್ತು ನಡೆಯ ಲೆಕ್ಕ ಮತ್ತು ಹೊಸ ಪ್ರೊಸೆಸರ್

ಪ್ರೀತಿಯ ಮಾವನವರಿಗೆ,

ನಿಮ್ಮ ಅಳಿಯ ಮಾಡುವ ನಮಸ್ಕಾರಗಳು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹಾಂ, ಊಟ ಆಯ್ತಾ? ಸರಿ, ಇಡ್ತೀನಿ’ ಎಂದು ನಾನು ಬಾಯಿ ತೆರೆಯುವ ಮೊದಲೇ ಮುಗಿಸಿಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಅಲ್ಲದೆ ಈ ವಿಷಯವನ್ನು ನಿಮ್ಮೆದುರು ಕುಳಿತು ಹೇಳುವಷ್ಟು ಗಟ್ಟಿ ಗುಂಡಿಗೆ ನನಗಿಲ್ಲ.

ನೀವು ‘ಕೊತಕೊತ ಪೆಟ್ಟಿಗೆ’ ಎಂದು ಹೆಸರಿಟ್ಟ ನನ್ನ ಕಂಪ್ಯೂಟರ್ ನಿಮಗೆ ನೆನಪಿರಬೇಕು. ಅದರ ಪ್ರೊಸೆಸರ್ ಬದಲಾಯಿಸಬೇಕೋ ಬೇಡವೋ ಎಂದು ನಾನು ಬಹಳ ಕಾಲದಿಂದ ಮೀನಮೇಷ ಎಣಿಸುತ್ತಿದ್ದೆ. ಮುಂದಿನ ತಲೆಮಾರಿನದು ಮಾರುಕಟ್ಟೆಗೆ ಬಂದಿದೆ ಎಂದು ಗೊತ್ತಾದ ಮೇಲಂತೂ ನಿಂತಲ್ಲಿ ನಿಲ್ಲಲಾರದೆ ಅಂಗಡಿಗೆ ಹೋದೆ. ಕೌಂಟರಿನ ಹುಡುಗಿ ಚುರುಕು. ‘ಅಂಕಲ್, ಹೊಸದು ನಿಮ್ಮ ಹಳೇ ಬೋರ್ಡಲ್ಲಿ ಕೂರಲ್ಲ. ಬೋರ್ಡೂ ಬದಲಾಯಿಸ್ಬೇಕು, ಮೆಮೊರಿನೂ ಬದಲಾಯಿಸ್ಬೇಕು, ತಣ್ಣಗಿಡೋ ಫ್ಯಾನೂ ದೊಡ್ಡದು ಬೇಕು’ ಎಂದಳು. ಹಾಗಾದರೆ ಹಳೆಯದರಲ್ಲಿ ಏನು ಉಳಿಯುತ್ತದಮ್ಮ ಎಂದು ಕೇಳಿದರೆ, ‘ಡಬ್ಬ’ ಎಂದಳು. ಆಮೇಲೆ ನನ್ನ ಕೆಲಸ ಏನೆಂದು ವಿಚಾರಿಸಿದಳು. ಫೋಟೊ ಸ್ಟುಡಿಯೋದವನು, ಜನರ ಮುಖದ ಸುಕ್ಕು ತೆಗೆಯುತ್ತೇನೆ ಎಂದೆ. ‘ಅಷ್ಟಕ್ಕೆ ಇರೋದೇ ಧಾರಾಳ ಆಯ್ತಲ್ಲ ಅಂಕಲ್’ ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದಳು. ಮಾರುವವಳೇ ಬೇಡ ಎಂದ ಮೇಲೆ ಕೊಳ್ಳುವವನು ಏನು ಮಾಡಬೇಕು? ಕೈ ಬೀಸಿಕೊಂಡು ಮನೆಗೆ ಬಂದೆ.

ಆ ಹುಡುಗಿಗೆ ನಾನು ನಿಜ ಹೇಳಿರಲಿಲ್ಲ. ನನಗೆ ಹೊಸ ಪ್ರೊಸೆಸರ್ ಬೇಕಾಗಿದ್ದದ್ದು ನಿಮ್ಮ ಒಂಬತ್ತು ನಡೆಯ ಲೆಕ್ಕಕ್ಕಾಗಿ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಸಹಿಸಿಕೊಳ್ಳಿ. ನಿಮ್ಮ ಮಗಳನ್ನು ಮದುವೆಯಾಗುತ್ತೇನೆಂದು ಹೇಳಲು ನಾನು ಮೊದಲ ಸಲ ನಿಮ್ಮ ಕನ್ನಡಕದ ಅಂಗಡಿಗೆ ಬಂದಾಗ, ನೀವು ನನ್ನ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ. ಗಾಜು ಉಜ್ಜುವ ಚಕ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಚದುರಂಗದ ಹಲಗೆಯನ್ನು ನನ್ನ ಮುಂದಕ್ಕೆ ತಳ್ಳಿದಿರಿ. ‘ಬಿಳಿ ಮೂರು ನಡೇಲಿ ಗೆಲ್ಲಬೇಕು. ಮೊದಲನೇ ನಡೆ ಒಂದೇ ಒಂದಿದೆ. ನಿಧಾನಕ್ಕೆ ನೋಡಪ್ಪ’ ಎಂದಿರಿ. ನಾನು ಹಣೆಯ ಬೆವರು ಒರೆಸಿಕೊಳ್ಳುತ್ತಾ ಕುಳಿತೆ. ಎರಡು ಸಲ ತಪ್ಪು ಹೇಳಿ, ಮೂರನೆಯ ಸಲ ಕುದುರೆಯನ್ನು ಸರಿಯಾದ ಮನೆಗೆ ಹಾರಿಸಿದೆ. ನೀವು ಒಳಗಿದ್ದ ಮಗಳತ್ತ ತಿರುಗಿ ‘ಪರವಾಗಿಲ್ಲ ಕಣೇ, ಹುಡುಗನಿಗೆ ಛಲ ಇದೆ’ ಎಂದು ಕೂಗಿ ಹೇಳಿದಿರಿ. ನನ್ನ ಮದುವೆ ಗಟ್ಟಿಯಾದದ್ದು ಹಾಗೆ.

ಅಂದಿನಿಂದ ನೀವು ಕಟ್ಟಿದ ಲೆಕ್ಕಗಳು ಅದೆಷ್ಟೋ. ಎಲ್ಲವನ್ನೂ ನನ್ನ ಮೇಲೆಯೇ ಪ್ರಯೋಗ ಮಾಡಿದಿರಿ. ಕೊನೆಗೆ ಆ ಒಂಬತ್ತು ನಡೆಯದು ಬಂತು. ಬಿಳಿಯ ರಾಣಿ ಕಪ್ಪು ರಾಜನಿಗೆ ಶಹ ಕೊಡದೆ, ಯಾವ ಕಾಯಿಯನ್ನೂ ಹೊಡೆಯದೆ, ತನ್ನ ಪಾಡಿಗೆ ತಾನು ಮೂಲೆಗೆ ಸರಿಯುತ್ತಾಳೆ. ಅಲ್ಲಿಂದ ಎಂಟು ನಡೆ ಕಪ್ಪು ರಾಜ ಏನು ತಿಪ್ಪರಲಾಗ ಹಾಕಿದರೂ ಉಳಿಯುವುದಿಲ್ಲ. ಅದನ್ನು ನೋಡಿದ ದಿನ ನನಗೆ ಮೈ ಜುಮ್ಮೆಂದಿತ್ತು. ಇಷ್ಟು ಚೆಂದದ್ದನ್ನು ನಮ್ಮ ಮನೆಯವರೊಬ್ಬರು ಕಟ್ಟಿದರಲ್ಲ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆ ಈಗಲೂ ಹಾಗೇ ಇದೆ.

ಆದರೆ ಲೆಕ್ಕ ಅಂದ ಮೇಲೆ ಮೊದಲ ನಡೆ ಒಂದೇ ಇರಬೇಕು. ಎರಡನೆಯ ದಾರಿ ಇದ್ದರೆ ಅದು ತೂತು ಬಿದ್ದ ಮಡಕೆ, ಎಂದು ಕಲಿಸಿದವರು ನೀವೇ. ನಿಮ್ಮ ದಾರಿ ಸರಿ ಎಂದು ಕೊತಕೊತ ಪೆಟ್ಟಿಗೆ ಅಂದೇ ಒಪ್ಪಿಕೊಂಡಿತ್ತು. ಬೇರೆ ದಾರಿಯೇ ಇಲ್ಲ ಎಂದು ಸಾಧಿಸುವುದು ಮಾತ್ರ ಅದರ ಕೈಲಾಗಲಿಲ್ಲ. ಅದಕ್ಕೆ ಎಲ್ಲ ನಡೆಗಳನ್ನೂ, ಅವುಗಳ ಉತ್ತರಗಳನ್ನೂ, ಆ ಉತ್ತರಗಳ ಉತ್ತರಗಳನ್ನೂ ಒಂದೂ ಬಿಡದೆ ಜಾಲಾಡಬೇಕು. ಪಾಪ, ದಿನಗಟ್ಟಲೆ ಏದುಸಿರು ಬಿಟ್ಟು, ಕಾದು, ಅರ್ಧ ದಾರಿಯಲ್ಲೇ ತಾನಾಗಿ ಆರಿಹೋಗುತ್ತಿತ್ತು. ಅದು ಆರಿದಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನ. ತೂತು ಸಿಕ್ಕರೆ ನಿಮಗೆ ಯಾವ ಮುಖ ಹೊತ್ತು ಹೇಳಲಿ? ನಿಮ್ಮ ಈ ವಯಸ್ಸಿನಲ್ಲಿ, ನಿಮ್ಮ ಪ್ರಾಣದಂತಹ ಲೆಕ್ಕವನ್ನು ಒಂದು ಯಂತ್ರ ಒಡೆದು ಹಾಕಿತು ಎಂದು ಹೇಳುವ ಕೆಲಸ ನನಗೆ ಬೇಡವಾಗಿತ್ತು. ಅಂಗಡಿಯ ಹುಡುಗಿ ಬೇಡ ಎಂದದ್ದೇ ಒಳ್ಳೆಯದಾಯಿತು ಎಂದುಕೊಂಡು ಪ್ರೊಸೆಸರ್ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ನಾವಿಬ್ಬರೂ ನಿಮ್ಮನ್ನು ನೋಡಲು ಬಂದೆವಲ್ಲ, ಆ ದಿನ ನನ್ನ ಮನಸ್ಸು ಬದಲಾಯಿತು. ಮಗ, ಸೊಸೆ, ಮೊಮ್ಮಕ್ಕಳು, ಎಲ್ಲರೂ ನಿಮ್ಮನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಬಾಲ್ಕನಿಯಲ್ಲಿ ಕುಳಿತು ಎದುರು ಮನೆಯವರ ಬಟ್ಟೆ ಒಣಗುವುದನ್ನು ನೋಡುತ್ತಿದ್ದಿರಿ. ಚದುರಂಗದ ಹಲಗೆಯ ಮೇಲೆ ನಿಮ್ಮ ಸೊಸೆ ಹೂಕುಂಡ ಇಟ್ಟಿದ್ದಳು. ಒಂದು ಕಾಲದಲ್ಲಿ ಅದರ ಮೇಲೆ ಲೋಟ ಇಟ್ಟರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದವರು ನೀವು, ಈಗ ಕುಂಡದಿಂದ ನೀರು ಸೋರುತ್ತಿದ್ದರೂ ಸುಮ್ಮನಿದ್ದಿರಿ. ಹೊಸ ಲೆಕ್ಕ ಏನಾದರೂ ಕಟ್ಟಿದಿರಾ ಎಂದು ಕೇಳಿದೆ. ‘ಇನ್ನೇನಪ್ಪ ಉಳಿದಿದೆ? ಆ ಒಂಬತ್ತು ನಡೇದು ಕಟ್ಟಿದ ಮೇಲೆ ನನ್ನ ಕೆಲಸ ಮುಗೀತು’ ಎಂದಿರಿ. ದುಃಖದಿಂದ ಹೇಳಲಿಲ್ಲ ನೀವು. ನಗುತ್ತಲೇ ಹೇಳಿದಿರಿ.

ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮ ಮಗಳ ಹತ್ತಿರ ಎಲ್ಲ ಬಾಯಿಬಿಟ್ಟೆ. ತೂತು ಸಿಕ್ಕರೆ ಅಪ್ಪ ಕುಸಿದುಹೋಗ್ತಾರೇನೋ ಎಂದು ಹೆದರಿಕೆ ಕಣೇ ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆಯೇ, ‘ಸೋಲೋದು ಅಪ್ಪಂಗೆ ಹೊಸದಲ್ಲ ರೀ. ಸುಮ್ನೆ ಕೂರೋದು ಹೊಸದು’ ಎಂದಳು. ನಿಮ್ಮ ಮಗಳೇ ಸರಿ. ಮೂರು ನಡೆಯ ಲೆಕ್ಕವನ್ನು ಒಂದೇ ನಡೆಯಲ್ಲಿ ಮುಗಿಸುತ್ತಾಳೆ.

ಮರುದಿನವೇ ಹೋಗಿ ತಂದೆ. ಹೊಸ ಪ್ರೊಸೆಸರ್, ಹೊಸ ಬೋರ್ಡು, ಹೊಸ ಮೆಮೊರಿ, ದೊಡ್ಡ ಫ್ಯಾನು. ಉಳಿದದ್ದು ಹಳೇ ಡಬ್ಬ. ‘ಸುಕ್ಕು ಜಾಸ್ತಿ ಆಯ್ತಾ ಅಂಕಲ್?’ ಎಂದು ಆ ಹುಡುಗಿ ಕಿಚಾಯಿಸಿದಳು. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ನಾನೇ ಜೋಡಿಸಿದೆ. ಸಣ್ಣ ಬಿಸ್ಕತ್ತಿನಷ್ಟಗಲದ ಆ ಪ್ರೊಸೆಸರನ್ನು ಅದರ ಜಾಗದಲ್ಲಿ ಕೂರಿಸುವಾಗ ನಿಮ್ಮ ಮಗಳು ಟಾರ್ಚ್ ಹಿಡಿದುಕೊಂಡು ‘ಉಸಿರಾಡಿ ರೀ’ ಎಂದು ಬೈದಳು. ನಿಮ್ಮ ಲೆಕ್ಕವನ್ನು ಅದಕ್ಕೆ ಒಪ್ಪಿಸಿದೆವು. ಎಷ್ಟು ದುಡಿಸಿದರೂ ತಣ್ಣಗಿರುತ್ತದೆ, ಸದ್ದೇ ಇಲ್ಲ. ಕೊತಕೊತ ಎನ್ನುವ ಹೆಸರು ಇನ್ನು ಅದಕ್ಕೆ ಒಪ್ಪುವುದಿಲ್ಲ.

ಮಾವ, ಆ ದಿನಗಳಲ್ಲಿ ನಾನು ಯಾವ ಅಳಿಯನೂ ಬಯಸಬಾರದ್ದನ್ನು ಬಯಸಿದೆ. ಲೆಕ್ಕ ಸರಿಯಿದೆ ಎಂದು ಬಂದರೆ ನೀವು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಮತ್ತೆ ಬಾಲ್ಕನಿಗೆ ಹೋಗಿ ಕೂರುತ್ತೀರಿ ಎಂದು ನನಗೆ ಖಾತ್ರಿಯಿತ್ತು. ಹಾಗಾಗದಿರಲಿ, ತೂತು ಸಿಗಲಿ ಎಂದು ಹಾರೈಸಿದೆ. ನಿಮ್ಮ ಮೇಲೆ ನನಗೆ ಅಷ್ಟು ಪ್ರೀತಿ ಇದೆ, ಬೇರೆ ಕಾರಣವಿಲ್ಲ.

ನಿನ್ನೆ ಬೆಳಿಗ್ಗೆ, ನಾನು ಹಲ್ಲುಜ್ಜುತ್ತಿರುವಾಗ, ಅದು ಕೆಲಸ ಮುಗಿಸಿತು. ನಿಮ್ಮ ಮಗಳೇ ಮೊದಲು ನೋಡಿದ್ದು. ‘ಇದೆ!’ ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದರು. ಬಾಯಲ್ಲಿ ನೊರೆ ತುಂಬಿಕೊಂಡೇ ಓಡಿದೆ. ನಾವಿಬ್ಬರೂ ಪರದೆಯ ಮುಂದೆ ನಿಂತು ನಕ್ಕಿದ್ದೇ ನಕ್ಕಿದ್ದು.

ತೂತು ಇದೆ, ಮಾವ. ಬಿಳಿಗೆ ಇನ್ನೊಂದು ಮೊದಲ ನಡೆ ಇದೆ, ಅದೂ ಒಂಬತ್ತರಲ್ಲೇ ಗೆಲ್ಲುತ್ತದೆ. ಯಾವ ಕಾಯಿ, ಯಾವ ಮನೆ ಎಂದು ನಾನು ಬರೆಯುವುದಿಲ್ಲ. ಫೋನು ಮಾಡಿ ಗದರಿಸಿದರೂ ಹೇಳುವುದಿಲ್ಲ. ನಿಮ್ಮ ಮಗಳನ್ನು ಪುಸಲಾಯಿಸಿ ಪ್ರಯೋಜನವಿಲ್ಲ, ಅವಳು ನನಗಿಂತ ಗಟ್ಟಿ. ಅದನ್ನು ಹುಡುಕಬೇಕಾದವರೂ ನೀವೇ, ಮುಚ್ಚಬೇಕಾದವರೂ ನೀವೇ. ಮುಚ್ಚಿ ಕಳಿಸಿ, ಮತ್ತೆ ಪರೀಕ್ಷೆ ಮಾಡುತ್ತೇನೆ. ನಿಮ್ಮ ಕೆಲಸ ಮುಗಿದಿಲ್ಲ.

ನಿಮ್ಮ ಆರೋಗ್ಯ ಚೆನ್ನಾಗಿರಲಿ, ಕಣ್ಣು ಚುರುಕಾಗಿರಲಿ. ಇವತ್ತಿನಿಂದ ಕೆಲವು ದಿನ ನಿಮಗೆ ಸರಿಯಾಗಿ ನಿದ್ದೆ ಬಾರದಿರಲಿ.

ನಿಮ್ಮ ಬೈಗುಳಕ್ಕಾಗಿ ಕಾಯುತ್ತಿರುವ,
ಅಳಿಯ